ಟಿಪ್ಪು ಬಿದ್ದ ಮೇಲೆ ನಮ್ಮ ಹೊಳೆಗೂ ಗೆರೆ ಬಿತ್ತು



ಸಂಘದ ವಾರ್ಷಿಕೋತ್ಸವದ ಸಂಚಿಕೆಗೆ ಯಾರಾದರೂ ದೊಡ್ಡವರ ಜೀವನದ ಬಗ್ಗೆ ಬರಿ ಅಂತ ಅಣ್ಣಂದಿರು ನನಗೆ ಹೇಳಿದರು. ಬಾಬಾಸಾಹೇಬರ ಬಗ್ಗೆ, ಫುಲೆ ದಂಪತಿಗಳ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರು ನಮ್ಮಲ್ಲಿ ಇದ್ದಾರೆ. ನಾನು ಬಿ.ಎ.ದಲ್ಲಿ ಇತಿಹಾಸ ಓದುವವನು, ಟಿಪ್ಪು ಸುಲ್ತಾನನ ಬಗ್ಗೆ ಬರೀತೀನಿ ಅಂದೆ. ಕಟ್ಟೆ ಮೇಲೆ ಕೂತಿದ್ದ ಕಾಕಾ ಒಬ್ಬರು ತಕ್ಷಣ ಅಡ್ಡ ಬಂದರು. ಆ ಸುಲ್ತಾನ ಇದ್ದದ್ದು ಶ್ರೀರಂಗಪಟ್ಟಣದಾಗ, ನಾವು ಇರೋದು ಮಲ್ದಕಲ್‌ದಾಗ, ಅವನಿಗೂ ನಮ್ಮ ಕೇರಿಗೂ ಏನು ಸಂಬಂಧ ಅಂತ ಕೇಳಿದರು. ಮೇಲಾಗಿ ನಮ್ಮ ಜನರ ಕೈಗೆ ಮೊದಲು ಬಂದೂಕು ಕೊಟ್ಟು ಮೈಮೇಲೆ ಸಮವಸ್ತ್ರ ಹಾಕಿದವರು ಇಂಗ್ಲಿಷರು, ಅವರು ಒಬ್ಬ ರಾಜನನ್ನು ಕೆಡವಿದರೆ ನಾವು ಯಾಕೆ ಅಳಬೇಕು ಅಂತಲೂ ಕೇಳಿದರು.

ಎರಡೂ ಒಳ್ಳೇ ಪ್ರಶ್ನೆ. ಈ ಲೇಖನ ಓದುವ ನೀವೂ ಅವೇ ಪ್ರಶ್ನೆ ಇಟ್ಟುಕೊಂಡು ಓದಿರಿ. ಕೊನೆಗೆ ನಾನು ಉತ್ತರ ಕೊಟ್ಟೆನೋ ಇಲ್ಲವೋ ನೀವೇ ಹೇಳಿರಿ.

ಟಿಪ್ಪು ಹುಟ್ಟಿದ್ದು 1750ರ ನವೆಂಬರ್ 20ರಂದು, ಬೆಂಗಳೂರಿನ ಹತ್ತಿರದ ದೇವನಹಳ್ಳಿಯಲ್ಲಿ. ಅಪ್ಪ ಹೈದರ್ ಅಲಿ. ತಾಯಿ ಫಾತಿಮಾ. ಆರ್ಕಾಟಿನ ಟಿಪ್ಪು ಮಸ್ತಾನ್ ಔಲಿಯಾ ಎಂಬ ಸಂತರ ಹೆಸರನ್ನೇ ಮಗನಿಗೆ ಇಟ್ಟರು. ಹೈದರ್ ರಾಜನ ಮನೆಯಲ್ಲಿ ಹುಟ್ಟಿದವನಲ್ಲ. ಓದು ಬರಹ ಕಲಿಯದ ಒಬ್ಬ ಸಿಪಾಯಿ, ಮೈಸೂರಿನ ಸೈನ್ಯದಲ್ಲಿ ತನ್ನ ರಟ್ಟೆ ಬಲ ಮತ್ತು ತಲೆ ಬಲದಿಂದ ಮೇಲೆ ಬಂದವನು. 1761ರ ಹೊತ್ತಿಗೆ ಒಡೆಯರ ರಾಜ್ಯದ ಅಧಿಕಾರವೆಲ್ಲ ಆತನ ಕೈಗೆ ಬಂತು. ರಾಜರು ಅರಮನೆಯಲ್ಲಿ ಹೆಸರಿಗೆ ಮಾತ್ರ ಉಳಿದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಮುಂದೆ ಬಿರುಕು ಬಿದ್ದದ್ದು ಇಲ್ಲಿಂದಲೇ.

ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಮಗನಿಗೆ ಕಲಿಸಿದ. ಟಿಪ್ಪು ಓದಿನ ಜೊತೆ ಕುದುರೆ, ಕತ್ತಿ, ಬಂದೂಕು ಎಲ್ಲ ಕಲಿತ. ಹದಿನಾರು ಹದಿನೇಳರ ವಯಸ್ಸಿನಲ್ಲೇ ಮದ್ರಾಸಿನ ಅಂಚಿನವರೆಗೆ ದಂಡು ತೆಗೆದುಕೊಂಡು ಹೋಗಿ ಕಂಪನಿಯವರನ್ನು ಹೆದರಿಸಿದ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಇಡೀ ಪಡೆ ಸೋತು ಸೆರೆಯಾಯಿತು. ಮೈಸೂರಿನವರ ಹತ್ತಿರ ಕಬ್ಬಿಣದ ಕೊಳವೆಯ ರಾಕೆಟ್ಟುಗಳಿದ್ದವು. ಮುಂದೆ ಇಂಗ್ಲಿಷರು ಅವನ್ನೇ ಒಯ್ದು, ಕಾಂಗ್ರೀವ್ ಎಂಬಾತನ ಕೈಯಲ್ಲಿ ತಮ್ಮ ರಾಕೆಟ್ಟು ಮಾಡಿಸಿಕೊಂಡರು.

1782ರ ಡಿಸೆಂಬರ್ 7ರಂದು ಹೈದರ್ ಚಿತ್ತೂರಿನ ಹತ್ತಿರ ದಂಡಿನ ಬಿಡಾರದಲ್ಲೇ ತೀರಿಕೊಂಡ. ಯುದ್ಧದ ನಡುವೆಯೇ ಟಿಪ್ಪು ಪಟ್ಟಕ್ಕೆ ಬಂದ. 1784ರ ಮಾರ್ಚಿನಲ್ಲಿ ಮಂಗಳೂರಿನಲ್ಲಿ ಒಪ್ಪಂದವಾಯಿತು. ಆ ಕಾಲದಲ್ಲಿ ಕಂಪನಿಯವರೇ ದೇಶೀ ದೊರೆಯ ಬಾಗಿಲಿಗೆ ಬಂದು ಸಂಧಿ ಕೇಳಿದ್ದು ಸಣ್ಣ ಮಾತಲ್ಲ. ಆ ಅವಮಾನವನ್ನು ಅವರು ಮರೆಯಲಿಲ್ಲ.

ರಾಜ್ಯದ ಒಳಗೆ ಟಿಪ್ಪು ಏನು ಮಾಡಿದ? ಬಂಗಾಳದಿಂದ ರೇಷ್ಮೆ ಹುಳು ತರಿಸಿ ಸಾಕಿಸಿದ. ಇವತ್ತು ರಾಮನಗರ, ಕೋಲಾರದ ಕಡೆ ರೇಷ್ಮೆ ಬೆಳೆಯುವವರು ಅದನ್ನು ನೆನೆಯುತ್ತಾರೆ. ಸರ್ಕಾರದ್ದೇ ವ್ಯಾಪಾರದ ಕೋಠಿಗಳನ್ನು ತೆರೆದ. ಹೆಂಡ ಸಾರಾಯಿ ನಿಲ್ಲಬೇಕು ಅಂತ ಆಜ್ಞೆ ಮಾಡಿದ. ಕನ್ನಂಬಾಡಿಯ ಹತ್ತಿರ ಕಾವೇರಿಗೆ ಕಟ್ಟೆ ಹಾಕಬೇಕೆಂದು ಬರೆಸಿದ ಆತನ ಫಾರಸಿ ಶಾಸನ ಇವತ್ತಿಗೂ ಇದೆ. ಆ ನೀರಿನಿಂದ ಹೊಸದಾಗಿ ಸಾಗುವಳಿ ಮಾಡಿದವನಿಗೆ ಕಂದಾಯದಲ್ಲಿ ರಿಯಾಯಿತಿ ಎಂದು ಅದರಲ್ಲಿ ಇದೆ. ಮಳೆ ನಂಬಿ ಬದುಕುವ ನಮ್ಮಂಥವರಿಗೆ ಈ ಮಾತಿನ ಬೆಲೆ ಗೊತ್ತು. 1791ರಲ್ಲಿ ಮರಾಠರ ದಂಡಿನವರು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆಸಿ, ಹಣ ಕಾಸು ಕಳಿಸಿದವನೂ ಟಿಪ್ಪುವೇ.

ಇನ್ನೊಂದು ಕಡೆಯನ್ನೂ ಹೇಳಬೇಕು, ಇಲ್ಲದಿದ್ದರೆ ಅದು ಭಜನೆಯಾಗುತ್ತದೆ, ಇತಿಹಾಸ ಆಗುವುದಿಲ್ಲ. ಕೊಡಗು ಮತ್ತು ಮಲಬಾರಿನಲ್ಲಿ ಆತನ ಸೈನ್ಯ ಮಾಡಿದ ಕ್ರೌರ್ಯ, ಬಲವಂತದ ಮತಾಂತರ, ಮಂಗಳೂರಿನ ಕಡೆಯ ಕ್ರೈಸ್ತರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ್ದು, ಇವೆಲ್ಲ ನಡೆದದ್ದೇ. ಆ ಮನೆಗಳ ಮಕ್ಕಳು ಇವತ್ತಿಗೂ ಮರೆತಿಲ್ಲ. ಮರೆಯಿರಿ ಅಂತ ಹೇಳಲು ನಾನು ಯಾರು? ನಮ್ಮ ಅಜ್ಜಂದಿರ ನೋವನ್ನು ಮರೆಯಿರಿ ಅಂದವರಿಗೆ ನಾವು ಏನು ಹೇಳುತ್ತೇವೆ? ಟಿಪ್ಪು ದೇವರಲ್ಲ, ಒಬ್ಬ ಅರಸ. ಆದರೆ ಇಂಗ್ಲಿಷರು ಆತನನ್ನು ಕೆಡವಿದ್ದು ಈ ತಪ್ಪುಗಳಿಗಾಗಿ ಅಲ್ಲ. ತಮ್ಮ ದಾರಿಗೆ ಅಡ್ಡ ನಿಂತದ್ದಕ್ಕೆ.

ಈಗ ಕೆಡವಿದ ಕಥೆ. ರಣರಂಗದ ಕಥೆ ನೀವು ಟಿ.ವಿ.ಯಲ್ಲಿ ನೋಡಿದ್ದೀರಿ. ನಾನು ಹೇಳುವುದು ಕತ್ತಲಲ್ಲಿ ನಡೆದದ್ದು.

ಮೊದಲನೆಯದು ಹೈದರ್ ಬದುಕಿದ್ದಾಗಲೇ ನಡೆಯಿತು. ಒಡೆಯರ ಮನೆಯ ವಿಧವೆ ರಾಣಿ ಲಕ್ಷ್ಮಮ್ಮಣ್ಣಿಯವರು ತಮ್ಮ ವಂಶಕ್ಕೆ ಗದ್ದುಗೆ ತಿರುಗಿ ಬರಬೇಕೆಂದು ಬಹಳ ವರ್ಷ ಒಳಗೊಳಗೇ ಪ್ರಯತ್ನಿಸಿದರು. 1782ರ ಅಕ್ಟೋಬರಿನಲ್ಲಿ ಅವರ ಪರವಾಗಿ ತಿರುಮಲರಾವ್ ಎಂಬಾತ ತಂಜಾವೂರಿನಲ್ಲಿ ಕಂಪನಿಯ ಸಲಿವನ್ ಜೊತೆ ಗುಟ್ಟಿನ ಒಪ್ಪಂದ ಮಾಡಿಕೊಂಡ. ಕಂಪನಿ ರಾಜ್ಯ ಗೆದ್ದುಕೊಡಬೇಕು, ರಾಣಿಯ ಕಡೆಯವರು ಖರ್ಚು ಕೊಡಬೇಕು. ಮರುವರ್ಷ ಶ್ರೀರಂಗಪಟ್ಟಣದ ಕೋಟೆಯೊಳಗೇ ಒಂದು ಸಂಚು ನಡೆದು, ಬಯಲಾಗಿ, ಸೇರಿದವರಿಗೆ ಕಠಿಣ ಶಿಕ್ಷೆಯಾಯಿತು. ರಾಣಿಯನ್ನು ನಾನು ದ್ರೋಹಿ ಅನ್ನುವುದಿಲ್ಲ. ಅವರ ಮನೆಯನ್ನು ಕಸಿದುಕೊಂಡಿದ್ದರು, ಅವರು ಅದನ್ನು ಕೇಳಿದರು. ಆದರೆ ಮನೆಯ ಜಗಳಕ್ಕೆ ಹೊರಗಿನವನನ್ನು ಕರೆದರೆ ಅವನು ಜಗಳ ಬಿಡಿಸಿ ಮನೆಗೆ ಹೋಗುತ್ತಾನೇನು? ಪಡಸಾಲೆಯಲ್ಲೇ ಮಂಚ ಹಾಕುತ್ತಾನೆ.

1790ರಿಂದ 1792ರವರೆಗೆ ಕಾರ್ನ್‌ವಾಲಿಸ್ ಯುದ್ಧ ಮಾಡಿದಾಗ ಮರಾಠರು, ನಿಜಾಮ ಇಬ್ಬರೂ ಆತನ ಜೊತೆ ನಿಂತರು. ನಮ್ಮ ಗದ್ವಾಲ ಸಂಸ್ಥಾನ ಆಗ ನಿಜಾಮನಿಗೆ ಕಪ್ಪ ಕೊಡುತ್ತಿತ್ತು. ಟಿಪ್ಪು ಸೋತು ಅರ್ಧ ರಾಜ್ಯ ಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ದಂಡ ಒಪ್ಪಿಕೊಂಡ, ಹಣ ತೀರುವ ತನಕ ತನ್ನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆ ಇಟ್ಟ. 1794ರಲ್ಲಿ ಆ ಮಕ್ಕಳು ಮನೆಗೆ ಬಂದರು.

1798ರಲ್ಲಿ ವೆಲ್ಲೆಸ್ಲಿ ಗವರ್ನರ್ ಜನರಲ್ ಆಗಿ ಬಂದ ಮೇಲೆ ಆಟ ಬೇರೆಯಾಯಿತು. ಮೊದಲ ಕೈ ಹಾಕಿದ್ದು ನಮ್ಮ ಹೈದರಾಬಾದಿಗೆ. ನಿಜಾಮನ ಹತ್ತಿರ ಫ್ರೆಂಚ್ ಅಧಿಕಾರಿಗಳು ಕಟ್ಟಿದ ಹತ್ತು ಸಾವಿರಕ್ಕೂ ಹೆಚ್ಚು ಸಿಪಾಯಿಗಳ ಪಡೆ ಇತ್ತು. ಅದನ್ನು ಕಟ್ಟಿದ ರೇಮೊಂಡ್ ಆ ವರ್ಷವೇ ಸತ್ತಿದ್ದ. ಹೈದರಾಬಾದಿಗೆ ಕೂಲಿಗೆ, ಓದಿಗೆ ಹೋದವರು ಮೂಸಾರಾಂಬಾಗ್ ಕಂಡಿರುತ್ತೀರಿ, ಅದು ಅವನ ಹೆಸರಿನಿಂದಲೇ ಬಂದದ್ದು ಅಂತಾರೆ. ಸೆಪ್ಟೆಂಬರಿನಲ್ಲಿ ಕಂಪನಿ ನಿಜಾಮನ ಜೊತೆ ಒಪ್ಪಂದ ಮಾಡಿಕೊಂಡಿತು. ಫ್ರೆಂಚರನ್ನು ತೆಗೆಯಬೇಕು, ಇಂಗ್ಲಿಷ್ ದಂಡನ್ನು ಸಾಕಬೇಕು. ನಿಜಾಮ ಹಿಂದೆ ಮುಂದೆ ನೋಡಿದ. ಆದರೆ ಫ್ರೆಂಚ್ ಪಡೆಯ ಸಿಪಾಯಿಗಳಿಗೆ ಸಂಬಳ ಬಾಕಿ ಇತ್ತು, ಅವರು ತಮ್ಮ ಅಧಿಕಾರಿಗಳ ಮೇಲೆಯೇ ತಿರುಗಿ ಬಿದ್ದರು. ರೆಸಿಡೆಂಟ್ ಕರ್ಕ್‌ಪ್ಯಾಟ್ರಿಕ್ ಆ ಹೊತ್ತನ್ನೇ ಕಾಯುತ್ತಿದ್ದ. ಅಕ್ಟೋಬರ್ 22ರಂದು ಇಂಗ್ಲಿಷ್ ದಂಡು ಸುತ್ತುವರಿದು ನಿಂತಿತು, ಯುದ್ಧವೇ ಇಲ್ಲದೆ ಆಯುಧ ಕೆಳಗಿಡಿಸಿತು. ಹೈದರಾಬಾದಿನಲ್ಲಿ ನಿಜಾಮ ಗದ್ದುಗೆ ಮೇಲೆ ಇದ್ದ, ಆದರೆ ಆವತ್ತಿನಿಂದ ರಾಜ್ಯ ಯಾರ ಮಾತು ಕೇಳಬೇಕು ಅನ್ನುವುದು ತೀರ್ಮಾನವಾಗಿತ್ತು.

ಟಿಪ್ಪುವೂ ಹೊರಗಿನವರ ಕಡೆ ಕೈ ಚಾಚಿದವನೇ. ಫ್ರಾನ್ಸಿಗೆ, ತುರ್ಕಿಗೆ ರಾಯಭಾರಿಗಳನ್ನು ಕಳಿಸಿದ್ದ. ಮಾರಿಷಸ್ ದ್ವೀಪದ ಫ್ರೆಂಚರಿಗೆ ಗುಟ್ಟಾಗಿ ಜನರನ್ನು ಕಳಿಸಿ ಸಹಾಯ ಕೇಳಿದ. ಅಲ್ಲಿಯ ಗವರ್ನರ್ 1798ರ ಜನವರಿಯಲ್ಲಿ ಅದನ್ನು ಊರೆಲ್ಲ ಸಾರಿಬಿಟ್ಟ. ಬಂದವರು ನೂರರ ಹತ್ತಿರ ಜನ. ಆ ನೂರು ಜನರನ್ನೇ ನೆಪ ಮಾಡಿಕೊಂಡು ಕಂಪನಿ ಯುದ್ಧ ಸಾರಿತು.

1799ರ ಫೆಬ್ರವರಿಯಲ್ಲಿ ದಂಡುಗಳು ಹೊರಟವು. ಜನರಲ್ ಹ್ಯಾರಿಸ್ ಜೊತೆ ತೋಪುಗಳಷ್ಟೇ ಹೋಗಲಿಲ್ಲ. ಟಿಪ್ಪುವಿನ ಅಧಿಕಾರಿಗಳಲ್ಲಿ, ಪಾಳೆಗಾರರಲ್ಲಿ, ಪ್ರಜೆಗಳಲ್ಲಿ ಅಸಮಾಧಾನ ಇರುವವರನ್ನು ಹುಡುಕಿ ಮಾತಾಡಿಸಲು ನಾಲ್ಕು ಜನರ ಒಂದು ಸಮಿತಿಯನ್ನೇ ವೆಲ್ಲೆಸ್ಲಿ ನೇಮಿಸಿದ್ದ. ಅದರಲ್ಲಿ ಆತನ ತಮ್ಮ ಆರ್ಥರ್ ವೆಲ್ಲೆಸ್ಲಿಯೂ ಒಬ್ಬ. ನಿಜಾಮನ ದಂಡು ಮೀರ್ ಆಲಂ ಎಂಬಾತನ ಕೆಳಗೆ ಇವರ ಜೊತೆಯೇ ನಡೆಯಿತು.

ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಬಿತ್ತು. ಮೇ 4ರ ಮಧ್ಯಾಹ್ನ, ಬಿಸಿಲು ನೆತ್ತಿಗೆ ಬಂದ ಹೊತ್ತು. ಕೋಟೆ ಗೋಡೆ ಒಡೆದ ಜಾಗದಲ್ಲಿ ಇರಬೇಕಾದ ಸಿಪಾಯಿಗಳನ್ನು ಸಂಬಳ ಕೊಡುವ ನೆಪ ಹೇಳಿ ಮಂತ್ರಿ ಮೀರ್ ಸಾದಿಕ್ ಬೇರೆ ಕಡೆ ಕರೆಸಿದ ಎಂದು ಜನ ಅಂದಿನಿಂದ ಹೇಳುತ್ತಾ ಬಂದಿದ್ದಾರೆ. ಕಂಪನಿಯವರು ಒಳ ನುಗ್ಗಿದರು. ಊಟಕ್ಕೆ ಕೂತಿದ್ದ ಟಿಪ್ಪು ಎದ್ದು ಬಂದ. ಸಂಜೆಯ ಮೇಲೆ ದೀಪ ಹಿಡಿದು ಹುಡುಕಿದಾಗ ಕೋಟೆಯ ಬಾಗಿಲೊಂದರ ಹತ್ತಿರ, ಹೆಣಗಳ ರಾಶಿಯ ನಡುವೆ ಸಿಕ್ಕ. ನಲವತ್ತೆಂಟು ವಯಸ್ಸು. ಮೀರ್ ಸಾದಿಕ್‌ನನ್ನು ಮೈಸೂರಿನ ಸಿಪಾಯಿಗಳೇ ಕೊಂದರು. ಮರುದಿನ ಟಿಪ್ಪುವನ್ನು ಗುಂಬಜಿನಲ್ಲಿ ತಾಯಿ ತಂದೆಯ ಪಕ್ಕ ಮಣ್ಣು ಮಾಡಿದರು.

ನೋಡಿರಿ, ಹೈದರಾಬಾದಿನಲ್ಲೂ ಸಂಬಳ, ಶ್ರೀರಂಗಪಟ್ಟಣದಲ್ಲೂ ಸಂಬಳ. ಹಸಿದ ಸಿಪಾಯಿಯ ಬಾಕಿ ಸಂಬಳವೇ ಹೊರಗಿನವನಿಗೆ ಕೀಲಿಕೈ. ಬಡವನ ನ್ಯಾಯವಾದ ಸಿಟ್ಟನ್ನೂ ಬೇರೆಯವರು ಹೀಗೆ ಬಳಸಿಕೊಳ್ಳುತ್ತಾರೆ. ತಪ್ಪು ಸಿಪಾಯಿಯದಲ್ಲ, ಬಾಕಿ ಇಟ್ಟವರದ್ದು.

ಆಮೇಲೆ ಏನಾಯಿತು? ನನಗೆ ಟಿಪ್ಪುವಿನ ಸಾವಿಗಿಂತ ಇದೇ ಮುಖ್ಯ ಅನ್ನಿಸುತ್ತದೆ. ಮೈಸೂರಿನಲ್ಲಿ ಐದು ವರ್ಷದ ಕೃಷ್ಣರಾಜ ಒಡೆಯರನ್ನು ಜೂನ್ 30ರಂದು ಪಟ್ಟಕ್ಕೆ ಕೂರಿಸಿದರು. ಟಿಪ್ಪುವಿನ ಬಳಿ ಇದ್ದ ಪೂರ್ಣಯ್ಯನವರೇ ದಿವಾನರಾದರು. ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹ ಕಟ್ಟಬೇಕು. ಕಂದಾಯದ ಭಾರ ತಾಳದೆ 1830ರಲ್ಲಿ ನಗರದ ಕಡೆ ರೈತರು ಎದ್ದರು. ಅದೇ ನೆಪದಲ್ಲಿ 1831ರಿಂದ 1881ರವರೆಗೆ, ಐವತ್ತು ವರ್ಷ ಇಂಗ್ಲಿಷರೇ ಮೈಸೂರನ್ನು ನೇರವಾಗಿ ಆಳಿದರು. ರಾಣಿ ಬಯಸಿದ ಗದ್ದುಗೆ ಬಂತು, ಆದರೆ ಅದರ ಕಾಲು ಬೇರೆಯವರ ಕೈಯಲ್ಲಿತ್ತು.

ಟಿಪ್ಪುವಿನ ಮಕ್ಕಳನ್ನು ವೆಲ್ಲೂರಿಗೆ ಒಯ್ದರು. 1806ರ ಜುಲೈ 10ರಂದು ಅಲ್ಲಿ ಸಿಪಾಯಿಗಳು ದಂಗೆ ಎದ್ದ ಮೇಲೆ ಅವರನ್ನು ಕಲಕತ್ತೆಗೆ ಸಾಗಿಸಿದರು. ಆತನ ಹುಲಿ ಆಟಿಕೆ ಇವತ್ತು ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಇದೆ. 2023ರಲ್ಲಿ ಆತನ ಒಂದು ಕತ್ತಿ ಅಲ್ಲಿಯೇ ಹರಾಜಿನಲ್ಲಿ ಸುಮಾರು 1 ಕೋಟಿ 40 ಲಕ್ಷ ಪೌಂಡಿಗೆ ಮಾರಾಟವಾಯಿತು.

ಇನ್ನು ನಮ್ಮ ಕಡೆ ಬರೋಣ. ಕಾಕಾನ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ಟಿಪ್ಪುವಿನ ರಾಜ್ಯ ಹಂಚಿದಾಗ ನಿಜಾಮನಿಗೂ ಪಾಲು ಬಂತು. ಆದರೆ ಮನೆಯಲ್ಲಿ ಸಾಕಿದ ಇಂಗ್ಲಿಷ್ ದಂಡಿಗೆ ಖರ್ಚು ಬೇಕಲ್ಲ? 1800ರ ಅಕ್ಟೋಬರಿನಲ್ಲಿ, ಎರಡು ಯುದ್ಧಗಳಿಂದ ಬಂದ ಪಾಲನ್ನೆಲ್ಲ ಆ ಖರ್ಚಿಗೆ ಕಂಪನಿಗೇ ತಿರುಗಿ ಬರೆದುಕೊಟ್ಟ. ಬಳ್ಳಾರಿ, ಅನಂತಪುರ, ಕಡಪ ಸೀಮೆ ಹೀಗೆ ಕೈ ಬದಲಾದವು. ಕೊಟ್ಟುಬಿಟ್ಟ ಸೀಮೆ ಅನ್ನುವ ಅರ್ಥದಲ್ಲಿ ದತ್ತ ಮಂಡಲ ಅಂತ ಹೆಸರು ಬಿತ್ತು. ಆ ಹೆಸರು ಅವಮಾನ ಅನ್ನಿಸಿ 1928ರಲ್ಲಿ ನಂದ್ಯಾಲದ ಸಭೆಯಲ್ಲಿ ರಾಯಲಸೀಮೆ ಎಂದು ಬದಲಾಯಿಸಿಕೊಂಡರು. ಆ ಹಂಚಿಕೆಯಿಂದ ನಮ್ಮ ತುಂಗಭದ್ರೆ ಗಡಿಯಾಯಿತು. ಈಚೆ ದಂಡೆ ನಿಜಾಮನದು, ಆಚೆ ದಂಡೆ ಕಂಪನಿಯದು. ಕರ್ನೂಲಿನ ನವಾಬ ಗುಲಾಮ್ ರಸೂಲ್ ಖಾನ್ ಗುಟ್ಟಾಗಿ ಆಯುಧ ಕೂಡಿಸಿದ್ದಾನೆ ಎಂದು ಹೇಳಿ 1839ರಲ್ಲಿ ಅವನನ್ನೂ ತೆಗೆದು ತಿರುಚಿನಾಪಳ್ಳಿಗೆ ಕಳಿಸಿದರು. ಅಲಂಪುರದ ದಂಡೆಯಲ್ಲಿ ನಿಂತರೆ ಕಾಣುವ ಕರ್ನೂಲೇ ಅದು.

ಟಿಪ್ಪುವಿನ ಸೆರೆಮನೆಯಿಂದ ಬಿಡುಗಡೆಯಾಗಿ ಬಂದ ಧೋಂಡಿಯ ವಾಘ ಒಂದು ವರ್ಷ ಕಂಪನಿಗೆ ನಿದ್ದೆ ಕೊಡಲಿಲ್ಲ. 1800ರ ಸೆಪ್ಟೆಂಬರ್ 10ರಂದು ಕೋನಗಲ್ಲಿನ ಹತ್ತಿರ, ಕೃಷ್ಣೆ ತುಂಗಭದ್ರೆಯರ ನಡುವಿನ ಇದೇ ಸೀಮೆಯಲ್ಲಿ, ಆರ್ಥರ್ ವೆಲ್ಲೆಸ್ಲಿಯ ದಂಡಿಗೆ ಸಿಕ್ಕು ಸತ್ತ.

ಹೈದರಾಬಾದಿನ ಸಾಲ ಮಾತ್ರ ನಿಲ್ಲಲಿಲ್ಲ. ದಂಡು ಸಾಕಲು ಸಾಲ, ಸಾಲದ ಬಡ್ಡಿಗೆ ಮತ್ತೆ ಸಾಲ. ಪಾಮರ್ ಕಂಪನಿ ಎಂಬ ಸಾಹುಕಾರಿ ಮನೆ ನಿಜಾಮನ ಸರ್ಕಾರಕ್ಕೆ ಭಾರೀ ಬಡ್ಡಿಗೆ ಹಣ ಕೊಟ್ಟಿತು. 1853ರಲ್ಲಿ ಬಾಕಿಗಾಗಿ ಬೇರಾರ್, ಧಾರಾಶಿವ, ರಾಯಚೂರು ದೋಆಬ್ ಇವನ್ನು ಕಂಪನಿಗೆ ಒತ್ತೆ ಬಿಟ್ಟರು. 1860ರಲ್ಲಿ ರಾಯಚೂರು ತಿರುಗಿ ಬಂತು. ರಾಜರು ಸಾಲ ಮಾಡಿದರು, ತೀರಿಸಿದವರು ಯಾರು? ಹೊಲದಲ್ಲಿ ಬಗ್ಗಿದವರು. ವೆಟ್ಟಿ ಚಾಕರಿ ಇಂಗ್ಲಿಷರಿಗಿಂತ ಹಳೆಯದು, ಅದನ್ನು ಅವರ ತಲೆಗೆ ಕಟ್ಟಲಾರೆ. ಆದರೆ ಮೇಲಿನವನಿಗೆ ಬಡ್ಡಿ ಏರಿದಾಗ ಕೆಳಗಿನವನ ಬೆನ್ನಿನ ಭಾರ ಇಳಿಯಲಿಲ್ಲ, ಅಷ್ಟು ಹೇಳಬಲ್ಲೆ.

1956ರ ನವೆಂಬರ್ 1ರಂದು ಭಾಷೆಯ ಮೇಲೆ ರಾಜ್ಯ ಮಾಡಿದಾಗ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ, ಅಲಂಪುರ ತಾಲೂಕುಗಳು ಮಹಬೂಬ್‌ನಗರಕ್ಕೆ ಸೇರಿದವು, ರಾಯಚೂರು ಮೈಸೂರಿಗೆ ಹೋಯಿತು. ನಮ್ಮ ಮನೆಗಳಲ್ಲಿ ಅಕ್ಕ ಆ ರಾಜ್ಯ, ತಂಗಿ ಈ ರಾಜ್ಯ. ಮನೆಯಲ್ಲಿ ಕನ್ನಡ, ಆಫೀಸಿನಲ್ಲಿ ತೆಲುಗು. 2014ರಲ್ಲಿ ತೆಲಂಗಾಣ ಆದ ಮೇಲೆ ಆ ಹಳೆಯ ತುಂಗಭದ್ರೆಯ ಗೆರೆ ಮತ್ತೆ ಎದ್ದಿತು. ಈಚೆ ಗದ್ವಾಲ ಒಂದು ರಾಜ್ಯ, ಆಚೆ ಕರ್ನೂಲು ಇನ್ನೊಂದು. ರಾಜೋಳಿಬಂಡಾದ ಅಣೆಕಟ್ಟು ಮೂರನೆಯ ರಾಜ್ಯದ ನೆಲದಲ್ಲಿ. ಕಾಲುವೆಗೆ ನೀರು ಬರದ ವರ್ಷ ಯಾರ ಆಫೀಸಿನ ಬಾಗಿಲು ತಟ್ಟಬೇಕು ಅಂತ ನಮ್ಮ ರೈತರು ಇವತ್ತಿಗೂ ಕೇಳುತ್ತಾರೆ. ಇದೆಲ್ಲವನ್ನೂ ಟಿಪ್ಪುವಿನ ಸಾವೊಂದೇ ಮಾಡಿತು ಅನ್ನುವುದಿಲ್ಲ, ನಡುವೆ ಬೇಕಾದಷ್ಟು ಕಾರಣಗಳಿವೆ. ಆದರೆ ಮೊದಲ ಗೆರೆ ಎಳೆದದ್ದು ಅಂದಿನ ಹಂಚಿಕೆಯಲ್ಲೇ.

ಇಂಥದ್ದು ನಮ್ಮಲ್ಲಿ ಮಾತ್ರ ಅಲ್ಲ. ಇರಾನಿನಲ್ಲಿ ಮೊಸಾದ್ದೆಕ್ ತೈಲವನ್ನು ದೇಶದ ಸ್ವತ್ತು ಮಾಡಿದರು, 1953ರಲ್ಲಿ ಅಮೆರಿಕ ಮತ್ತು ಇಂಗ್ಲೆಂಡಿನ ಗುಪ್ತಚರರು ಹಣ ಚೆಲ್ಲಿ ಅವರನ್ನು ಕೆಡವಿದರು. ಕಾಂಗೋದ ಲುಮುಂಬಾ ಪ್ರಧಾನಿಯಾದ ವರ್ಷದೊಳಗೇ, 1961ರ ಜನವರಿಯಲ್ಲಿ ಕೊಲೆಯಾದರು. ಅದರ ಹಿಂದೆ ಬೆಲ್ಜಿಯಂನವರ ಕೈ ಇತ್ತು. ಆತನ ದೇಹದಲ್ಲಿ ಉಳಿದದ್ದು ಒಂದು ಹಲ್ಲು, ಅದನ್ನು 2022ರಲ್ಲಿ ಮನೆಯವರಿಗೆ ಕೊಟ್ಟರು. ಆ ದೇಶಗಳು ಇನ್ನೂ ಆ ಗಾಯ ಹೊತ್ತು ನಡೆಯುತ್ತಿವೆ.

ಈಗ ಕಾಕಾನ ಎರಡನೆಯ ಪ್ರಶ್ನೆ. ಅದು ಸುಳ್ಳಲ್ಲ. ಮದ್ರಾಸ್ ದಂಡಿನಲ್ಲಿ ಪರೈಯರಿದ್ದರು, ಮುಂಬಯಿ ದಂಡಿನಲ್ಲಿ ಮಹಾರರಿದ್ದರು. 1818ರ ಜನವರಿ 1ರಂದು ಕೋರೆಗಾಂವಿನಲ್ಲಿ ಪೇಶ್ವೆಯ ದಂಡಿನ ಎದುರು ನಿಂತ ಮಹಾರ್ ಸಿಪಾಯಿಗಳ ಹೆಸರು ಸ್ತಂಭದ ಮೇಲಿದೆ, 1927ರಲ್ಲಿ ಬಾಬಾಸಾಹೇಬರು ಅಲ್ಲಿಗೆ ಹೋಗಿ ನಮಿಸಿದರು. ಅವರ ತಂದೆ ರಾಮಜಿಯವರೇ ಸುಬೇದಾರರು. ಮುಟ್ಟದ ರಾಜ್ಯಕ್ಕಿಂತ ಬಂದೂಕು ಕೊಟ್ಟ ಕಂಪನಿ ನಮ್ಮವರಿಗೆ ಮೇಲು ಅನ್ನಿಸಿದ್ದರಲ್ಲಿ ತಪ್ಪೇನು? ಆದರೆ ಮುಂದಿನದೂ ಕೇಳಿರಿ. ಕೆಲಸ ಮುಗಿದ ಮೇಲೆ, 1890ರ ದಶಕದಲ್ಲಿ, ಅದೇ ಇಂಗ್ಲಿಷರು ಮಹಾರರನ್ನು ದಂಡಿಗೆ ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದರು. ಹೊರಗಿನವನು ನಮ್ಮ ಸಿಟ್ಟನ್ನು ಬಾಡಿಗೆಗೆ ತೆಗೆದುಕೊಳ್ಳುತ್ತಾನೆ. ನಮ್ಮ ಬಿಡುಗಡೆ ಅವನ ಲೆಕ್ಕದಲ್ಲಿ ಇರುವುದಿಲ್ಲ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯ ಭಾಷಣದಲ್ಲಿ ಬಾಬಾಸಾಹೇಬರು ಈ ಹೆದರಿಕೆಯನ್ನೇ ಮುಂದಿಟ್ಟರು. ಸಿಂಧಿನ ದಾಹಿರನಿಂದ ಹಿಡಿದು ಒಳಗಿನವರ ದ್ರೋಹದಿಂದ ಸ್ವಾತಂತ್ರ್ಯ ಹೋದ ಪ್ರಸಂಗಗಳನ್ನು ಒಂದೊಂದಾಗಿ ಎಣಿಸಿ, ಮತ್ತೆ ಹಾಗಾದೀತೇ ಎಂದು ಕಳವಳಪಟ್ಟರು. ಜಾತಿಯಲ್ಲಿ ಒಡೆದ ಜನ ರಾಷ್ಟ್ರ ಆಗುವುದು ಹೇಗೆ ಎಂದೂ ಕೇಳಿದರು. ಒಳಗೆ ಬಿರುಕು ಇರುವ ತನಕ ಹೊರಗಿನ ಬೆರಳಿಗೆ ಜಾಗ ಇರುತ್ತದೆ. ಆ ಬಿರುಕು ಮುಚ್ಚುವುದು ಕೆಳಗಿದ್ದವನ ಬಾಯಿ ಮುಚ್ಚಿಸಿ ಅಲ್ಲ, ಅವನ ಬಾಕಿ ತೀರಿಸಿ.

ಕೊನೆಗೆ ನಮ್ಮದೇ ಒಂದು ಮಾತು. ಎರಡು ವರ್ಷದ ಹಿಂದೆ ನಮ್ಮ ಸಂಘ ಒಡೆದದ್ದು ನಿಮಗೆಲ್ಲ ಗೊತ್ತು. ಜಯಂತಿಗೆ ಮುಂಚೆ ಹೊರಗಿನವರೊಬ್ಬರು ಬಂದರು, ಹೆಸರು ಬೇಡ. ಮೇಲಿನ ಓಣಿಯ ಹುಡುಗರ ಕೈಗೆ ಪೆಂಡಾಲಿಗೆ ಅಂತ ರೊಕ್ಕ ಕೊಟ್ಟು, ಕೆಳಗಿನ ಓಣಿಗೆ ಬಂದು ಅವರು ನಿಮ್ಮ ಪಾಲು ತಿಂದರು ಅಂದರು. ಆ ವರ್ಷ ಎರಡು ಮೆರವಣಿಗೆ ಹೊರಟವು, ಒಂದೇ ಬಾಬಾಸಾಹೇಬರಿಗೆ. ಕಲ್ಲು ಬಿತ್ತು. ನಾನೂ ಒಂದು ಎಸೆದೆ, ಮುಚ್ಚಿಡುವುದಿಲ್ಲ. ಆಮೇಲೆ ಬೇವಿನ ಮರದ ಕೆಳಗೆ ಎಲ್ಲರೂ ಕೂತು ಲೆಕ್ಕದ ಪುಸ್ತಕ ಜೋರಾಗಿ ಓದಿದ ದಿನ ಜಗಳ ಮುಗೀತು. ರೊಕ್ಕ ಕೊಟ್ಟವರು ಮತ್ತೆ ಈ ಕಡೆ ಬಂದಿಲ್ಲ. ಆದರೆ ನಮ್ಮ ಇಬ್ಬರು ತಮ್ಮಂದಿರು ಇನ್ನೂ ಗದ್ವಾಲಕ್ಕೆ ಕೋರ್ಟಿನ ತಾರೀಖಿಗೆ ಹೋಗ್ತಾ ಇದ್ದಾರೆ, ಒಂದು ದಿನದ ಕೂಲಿ ಬಿಟ್ಟು. ಹೊರಗಿನವರು ಒಂದು ಸಂಜೆ ಇದ್ದು ಹೋಗ್ತಾರೆ, ತಾರೀಖು ನಮ್ಮ ಪಾಲಿಗೆ ಉಳೀತಾವ.

ಅದಕ್ಕೇ ತಮ್ಮಂದಿರೇ, ತಂಗಿಯರೇ, ಈ ವರ್ಷ ಸಂಘದ ಲೆಕ್ಕ ಓದುವ ದಿನ ತಪ್ಪದೆ ಬರ್ರಿ. ಎರಡೂ ಓಣಿಯವರು ಬರ್ರಿ. ಯಾರಿಗೆ ಏನು ಬಾಕಿ ಇದೆಯೋ ಅಲ್ಲೇ ಎದುರಾಎದುರು ಕೇಳ್ರಿ. ಕಾಕಾ, ನೀವೂ ಬರಬೇಕು, ಉತ್ತರ ಸರಿಯಿಲ್ಲ ಅನ್ನಿಸಿದರೆ ಅಲ್ಲೇ ಬೈಯಿರಿ. ಇನ್ನೊಮ್ಮೆ ಬಸ್ಸಿನಲ್ಲಿ ಕರ್ನೂಲಿಗೆ ಹೋಗುವಾಗ ಸೇತುವೆ ಮೇಲಿಂದ ಹೊಳೆಯನ್ನು ಒಮ್ಮೆ ನೋಡಿರಿ. ನೀರಿನ ಮೇಲೆ ಗೆರೆ ಕಾಣುವುದಿಲ್ಲ, ಆದರೂ ಐತಿ.

ಜೈ ಭೀಮ್.